ಕಾಜಾ ಅಕ್ಕ ಕತ್ತರಿಸದೆ ಬಿಟ್ಟ ದಾರ

ನಾನೀಗ ತೊಟ್ಟುಕೊಂಡು ಕೂತಿರುವ ಅಂಗಿಯ ಮೈ ಒಂದು ಬಿಳಿ, ತೋಳು ಇನ್ನೊಂದು ಬಿಳಿ. ಮೈ ಹಾಲಿನಂಥ ಬಿಳಿ, ತೋಳಿಗೆ ಯಾರೋ ಒಂದು ಹನಿ ನೀಲಿ ಬೆರೆಸಿದ ಹಾಗಿದೆ. ಮನೆಯವರೆಲ್ಲ ಇದನ್ನು ನೆಲ ಒರೆಸುವ ಬಟ್ಟೆ ಮಾಡಲು ಎಷ್ಟೋ ಕಾಲದಿಂದ ಹೊಂಚು ಹಾಕುತ್ತಿದ್ದಾರೆ. ನಾನು ಬಿಟ್ಟುಕೊಟ್ಟಿಲ್ಲ. ಯಾಕೆ ಅಂತ ಹೇಳಬೇಕಾದರೆ ಕಾಜಾ ಅಕ್ಕನ ಕಥೆ ಹೇಳಬೇಕು. ಅದರ ಮಧ್ಯೆ ನಾನು ಒಂದೆರಡು ಬೊಗಳೆ ಬಿಟ್ಟರೆ ಕ್ಷಮಿಸಿ. ವಯಸ್ಸಾದ ಮೇಲೆ ಹಲ್ಲು ಉದುರುತ್ತವೆ, ಬೊಗಳೆ ಮಾತ್ರ ಗಟ್ಟಿಯಾಗುತ್ತಾ ಹೋಗುತ್ತದೆ.

ಕೂದಲು ಕಪ್ಪಗಿದ್ದ ಕಾಲದಿಂದ ಬೆಳ್ಳಗಾಗುವ ತನಕ ನಾನು ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವ ಒಂದು ಕಡೆ ಕಟಿಂಗ್ ಮಾಸ್ಟರ್ ಆಗಿದ್ದೆ. ಉದ್ದನೆಯ ಒಂದು ಕೋಣೆ. ಬೀದಿ ಕಡೆಗೆ ಕಿಟಕಿ. ಕಿಟಕಿಯ ಪಕ್ಕ ಬಟ್ಟೆ ಹಾಸಿ ಕತ್ತರಿಸುವ ನನ್ನ ಮೇಜು, ಅದರಾಚೆ ಸಾಲಾಗಿ ಹೊಲಿಗೆ ಯಂತ್ರಗಳು, ಕೊನೆಯ ಮೂಲೆಯಲ್ಲಿ ಒಂದು ಚಾಪೆ. ನನ್ನ ಕತ್ತರಿ ಎಷ್ಟು ಹರಿತ ಅಂದರೆ, ಒಮ್ಮೆ ಕಿಟಕಿಯಿಂದ ತಣ್ಣನೆ ಗಾಳಿ ಬೀಸಿದಾಗ ಕೈ ತಪ್ಪಿ ಗಾಳಿಗೇ ಕತ್ತರಿ ಹಾಕಿಬಿಟ್ಟೆ. ಅರ್ಧ ಗಾಳಿ ಒಳಗೆ ಬಂತು, ಅರ್ಧ ಬೀದಿಯಲ್ಲೇ ಉಳಿಯಿತು. ನಂಬದಿದ್ದರೆ ಬಿಡಿ, ಆ ದಿನ ಕೋಣೆಯಲ್ಲಿ ಅರ್ಧ ಜನಕ್ಕೆ ಮಾತ್ರ ನೆಗಡಿಯಾಗಿತ್ತು.

ಮೂಲೆಯ ಚಾಪೆ ಕಾಜಾ ಅಕ್ಕನದು. ಗುಂಡಿ ತೂರಿಸುವ ಸೀಳಿನ ಸುತ್ತ ದಾರ ಸುತ್ತಿ ಭದ್ರ ಮಾಡುತ್ತೇವಲ್ಲ, ಅದೇ ಕಾಜಾ. ಅವಳು ಅದನ್ನು ಕೈಯಲ್ಲೇ ಹಾಕುತ್ತಿದ್ದಳು. ನನಗಿಂತ ಎಷ್ಟೋ ಚಿಕ್ಕವಳು, ಆದರೂ ನಾನೂ ಅಕ್ಕ ಅಂತಲೇ ಕರೆಯುತ್ತಿದ್ದೆ. ಆ ಕೋಣೆಯಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ಅವಳು ಹಾಕಿದ ಕಾಜಾ ಎಂಥ ಗಟ್ಟಿ ಅಂದರೆ, ಒಬ್ಬನ ಅಂಗಿ ಹಳೆಯದಾಗಿ ಮೊದಲು ಕಾಲರ್ ಹೋಯಿತಂತೆ, ಆಮೇಲೆ ತೋಳು ಹೋಯಿತಂತೆ, ಬೆನ್ನೂ ಹೋಯಿತಂತೆ. ಕೊನೆಗೆ ಕಾಜಾಗಳ ಸಾಲು ಒಂದೇ ಉಳಿದು, ಆ ಪುಣ್ಯಾತ್ಮ ಅದನ್ನೇ ಇಸ್ತ್ರಿ ಮಾಡಿಸಿಕೊಂಡು ಕೆಲಸಕ್ಕೆ ಹೋಗುತ್ತಿದ್ದನಂತೆ.

ಕಾಜಾ ಮುಗಿಸಿದ ಮೇಲೆ ಅಂಗಿಯಲ್ಲಿ ನೇತಾಡುವ ದಾರಗಳನ್ನೆಲ್ಲ ಕತ್ತರಿಸಿ ಚೊಕ್ಕ ಮಾಡುವುದೂ ಅವಳ ಕೆಲಸವೇ. ಕೆಲಸ ಅಂದೆನಲ್ಲ, ಅದು ಅವಳ ಸ್ವಭಾವವೇ ಆಗಿಬಿಟ್ಟಿತ್ತು. ಎಲ್ಲೇ ಆಗಲಿ ಒಂದು ಎಳೆ ನೇತಾಡುತ್ತಿದ್ದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಪುಟ್ಟ ಕತ್ತರಿಯೊಂದನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೇ ಓಡಾಡುತ್ತಿದ್ದಳು. ಒಮ್ಮೆ ಬಸ್ಸಿನಲ್ಲಿ ಮುಂದಿನ ಸೀಟಿನವನ ಕಾಲರಿನಿಂದ ದಾರವೊಂದು ಇಣುಕಿದ್ದು ಕಂಡು ಕಚಕ್ ಅಂತ ಕತ್ತರಿಸಿದಳು. ಆತ ಕತ್ತು ಹೋಯಿತೆಂದು ಕಿರುಚಿಕೊಂಡ. ಬಸ್ಸು ನಿಂತಿತು. ವಿಷಯ ತಿಳಿದ ಮೇಲೆ ಕಂಡಕ್ಟರ್ ತನ್ನ ತೋಳು ಚಾಚಿ, "ಇಲ್ಲೂ ಒಂದಿದೆ ನೋಡಮ್ಮ" ಅಂದನಂತೆ.

ಹೀಗೆ ನಗುತ್ತಾ ಇದ್ದ ಕೋಣೆಗೆ ಒಂದು ದಿನ ಕಾಜಾ ಯಂತ್ರ ಬರುತ್ತದೆ ಅನ್ನೋ ಸುದ್ದಿ ಬಂತು. ಯಜಮಾನರು ಕೆಟ್ಟವರಲ್ಲ. ಚಾಪೆಯ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಹೇಳಿದರು.

"ನೋಡಮ್ಮ, ಈ ಸೀಸನ್ ಮುಗಿಯೋ ತನಕ ಕೈ ಕೆಲಸ ಇರುತ್ತೆ. ಆಮೇಲೆ ಯಂತ್ರ. ಮೇಲಿನ ಬೀದೀಲಿ ಹೊಲಿಗೆ ತರಬೇತಿ ಕೇಂದ್ರ ಇದೆಯಲ್ಲ, ಅಲ್ಲಿ ಕೈಹೊಲಿಗೆ ಹೇಳ್ಕೊಡೋರು ಬೇಕಂತೆ. ನಿನ್ನ ವಿಷಯ ಹೇಳಿದೀನಿ. ಆದ್ರೆ ಹತ್ತನೇ ಕ್ಲಾಸ್ ಪಾಸಾಗಿರಬೇಕು ಅಂತಾರೆ."

"ಪಾಸಾಗಿದೀನಿ ಸಾರ್," ಅಂದಳು ಕಾಜಾ ಅಕ್ಕ. ಸೂಜಿ ನಿಂತಿತು. "ಗಣಿತ ಒಂದು ಬಿಟ್ಟು."

ಗಣಿತ ಒಂದು ಬಿಟ್ಟು! ಮದುವೆಗೆ ಮುಂಚೆ ಬಿಟ್ಟಿದ್ದ ಗಣಿತ. ಮದುವೆ ಆದ ಮೇಲೆ ಎರಡು ಸಲ ಕಟ್ಟಿ ಎರಡು ಸಲವೂ ಬಿದ್ದಿದ್ದಳು. ಕೇಂದ್ರದವರು ಈ ಸಲದ ಫಲಿತಾಂಶ ಬರುವ ತನಕ ಜಾಗ ಖಾಲಿ ಇಡಲು ಒಪ್ಪಿದರು. ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ನಿದ್ದೆ, ಎದ್ದರೆ ಮತ್ತೆ ರಸ್ತೆ. ಮನೆಯಲ್ಲಿ ಇದ್ದದ್ದು ಅತ್ತೆ ಒಬ್ಬರೇ. ಅವರಿಗೆ ಓದು ಬರಹ ಬಾರದು. ನಾಲಿಗೆಯ ವಿಷಯಕ್ಕೆ ಬಂದರೆ ನನ್ನ ಕತ್ತರಿಯೇ ಅವರಿಂದ ಹರಿತ ಕಡ ಪಡೆಯಬೇಕು.

"ಈ ವಯಸ್ಸಲ್ಲಿ ಎ ಬಿ ಸಿ ಡಿ ಕೂಡಿಸ್ತಾಳಂತೆ!" ಅಂತ ಓಣಿಗೆಲ್ಲ ಕೇಳುವ ಹಾಗೆ ಅಂದರಂತೆ ಅತ್ತೆ. "ನಮ್ಮ ಕಾಲದಲ್ಲಿ ಅಕ್ಷರ ಬೇರೆ, ಲೆಕ್ಕ ಬೇರೆ ಇತ್ತು. ಈಗ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕುದಿಸ್ತಾರೆ."

ಬೈದದ್ದೇನೋ ಬೈದರು. ಆದರೆ ಮರುದಿನದಿಂದ ಒಲೆಯ ಮುಂದೆ ತಾವೇ ನಿಂತರು. ಸೊಸೆ ಪಾತ್ರೆಗೆ ಕೈ ಹಾಕಿದರೆ, "ಹೋಗೇ, ಹೋಗಿ ನಿನ್ನ ಎಕ್ಸು ವೈಯ್ಯು ತೊಳಿ" ಅಂತ ಅಟ್ಟುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಕಾಜಾ ಅಕ್ಕ ಪುಸ್ತಕ ಹಿಡಿದು ನನ್ನ ಮೇಜಿಗೆ ಬರುತ್ತಿದ್ದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ನನ್ನ ಹತ್ತಿರ ಬೇಕಾದಷ್ಟಿತ್ತು, ಮೇಜೇ ಹಲಗೆಯಾಯಿತು. ನಾನು ಶಾಲೆ ಬಿಟ್ಟದ್ದು ಬೀಜಗಣಿತ ಅನ್ನುವುದು ಬಿತ್ತನೆಗೆ ಸಂಬಂಧಪಟ್ಟದ್ದು ಅಂತ ತಿಳಿದಿದ್ದ ಕಾಲದಲ್ಲಿ. ಆದರೂ ಪುಸ್ತಕದ ಹಿಂದೆ ಉತ್ತರಗಳಿದ್ದವು. ಅವಳು ಲೆಕ್ಕ ಮಾಡುವುದು, ನಾನು ಕನ್ನಡಕ ಏರಿಸಿ ಹಿಂದಿನ ಪುಟ ನೋಡಿ ತಪ್ಪು ಅನ್ನುವುದು. ಅಷ್ಟೇ ನನ್ನ ಪಾಂಡಿತ್ಯ.

ಮೊದಲ ದಿನ ಅವಳು ಬರೆದದ್ದು ನನಗೆ ಇವತ್ತಿಗೂ ನೆನಪಿದೆ.

3a + 2b = 5ab

"ತಪ್ಪು," ಅಂದೆ.

"ಹೆಂಗೆ ತಪ್ಪು ಮಾಸ್ಟ್ರೇ? ಮೂರೂ ಎರಡೂ ಐದಲ್ವಾ?"

"ಐದೇ. ಆದ್ರೆ ಇಲ್ಲಿ ಹಿಂದೆ ಬರೀ 3a + 2b ಅಂತಲೇ ಇದೆ."

"ಅದು ಪ್ರಶ್ನೆ ಮಾಸ್ಟ್ರೇ, ಉತ್ತರ ನೋಡಿ."

"ಉತ್ತರಾನೂ ಅದೇ!"

ಅವಳು ಪುಸ್ತಕ ಕಿತ್ತುಕೊಂಡು ತಾನೇ ನೋಡಿದಳು. ಮುಖ ಹುಳ್ಳಗಾಯಿತು. "ಇದೇನಿದು, ಪ್ಲಸ್ಸನ್ನ ಹಂಗೇ ಬಿಟ್ಟಿದಾರೆ! ಕೂಡಿಸೋ ಗುರುತು ಕಣ್ಮುಂದೆ ನೇತಾಡ್ತಿದೆ, ಇದನ್ನ ಮುಗಿದ ಕೆಲಸ ಅಂತ ಹೆಂಗೆ ಕಳಿಸೋದು?"

ಅಲ್ಲಿತ್ತು ನೋಡಿ ರೋಗ. ಅವಳ ಕಣ್ಣಿಗೆ ಪ್ಲಸ್ಸು ಅಂದರೆ ನೇತಾಡುವ ದಾರ. ಉತ್ತರದಲ್ಲಿ ಪ್ಲಸ್ಸು ಕಂಡರೆ ಸಾಕು, ಕೊರಳಿನ ಕತ್ತರಿ ಚಡಪಡಿಸುತ್ತಿತ್ತು. ಹೇಗಾದರೂ ಮಾಡಿ ಅದನ್ನು ಕತ್ತರಿಸಿ, ಎಲ್ಲವನ್ನೂ ಒಂದೇ ಮುದ್ದೆ ಮಾಡಿ, ಚೊಕ್ಕ ಮಾಡಿ ಇಡಬೇಕು. ಪುಸ್ತಕದಲ್ಲಿ ಸಜಾತಿ ಪದಗಳನ್ನು ಮಾತ್ರ ಕೂಡಿಸಬೇಕು, ವಿಜಾತಿ ಪದಗಳನ್ನು ಹಾಗೇ ಬಿಡಬೇಕು ಅಂತ ದಪ್ಪ ಅಕ್ಷರದಲ್ಲಿತ್ತು. ಅವಳು ಅದನ್ನು ಬಾಯಿಪಾಠ ಮಾಡಿದಳು. ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರೆ ಅತ್ತೆ ಒಳಗಿಂದಲೇ, "ಲೆಕ್ಕದಲ್ಲೂ ಜಾತಿ ನೋಡ್ತಾರಾ? ಒಳ್ಳೇದೇ ಆಯ್ತು ನಾನು ಶಾಲೆಗೆ ಹೋಗದೇ ಇದ್ದಿದ್ದು" ಅಂದರಂತೆ. ಬಾಯಿಪಾಠ ಆಯಿತು, ಕೈಗೆ ಮಾತ್ರ ಬರಲಿಲ್ಲ. ಪ್ರತಿ ಲೆಕ್ಕದ ಕೊನೆಯಲ್ಲಿ ಕಚಕ್.

ಇಷ್ಟರಲ್ಲಿ ಶಾಲೆಗಳು ತೆರೆಯುವ ಕಾಲ ಹತ್ತಿರವಾಗಿ ಕೆಲಸ ನುಗ್ಗಿ ಬಂತು. ಇಲ್ಲಿ ನಮ್ಮ ಕೋಣೆಯ ಒಂದು ಪದ್ಧತಿ ಹೇಳಬೇಕು. ಬಟ್ಟೆ ಸುರುಳಿಯಾಗಿ ಬರುತ್ತದೆ, ನಾವು ಥಾನು ಅನ್ನುತ್ತೇವೆ. ಎರಡು ಥಾನು ಬಿಳಿ ಬಟ್ಟೆ ಬಂದರೆ ಎರಡೂ ಬಿಳಿಯೇ, ಆದರೆ ಬಣ್ಣದ ಮನೆಯಲ್ಲಿ ಬೇರೆ ಬೇರೆ ದಿನ ಅದ್ದಿದ ಕಾರಣ ಒಂಚೂರು ವ್ಯತ್ಯಾಸ ಇದ್ದೇ ಇರುತ್ತದೆ. ದೀಪದ ಬೆಳಕಲ್ಲಿ ಗೊತ್ತಾಗದು. ಮಗು ಅಂಗಿ ತೊಟ್ಟು ಬಿಸಿಲಿಗೆ ನಿಂತಾಗ ತೋಳೊಂದು ಕಡೆ, ಮೈಯೊಂದು ಕಡೆ! ಅದಕ್ಕೇ ನಾನು ಕತ್ತರಿಸಿದ ಪ್ರತಿ ತುಂಡಿಗೂ ಗುರುತಿನ ದಾರ ಕಟ್ಟುತ್ತಿದ್ದೆ. ಒಂದು ಥಾನಿನ ತುಂಡುಗಳಿಗೆ ಕೆಂಪು ದಾರ, ಇನ್ನೊಂದರದಕ್ಕೆ ಹಸಿರು. ಕಾಲರಿನ ಒಳಗೆ ಹಾಕುವ ಗಟ್ಟಿ ಬಟ್ಟೆಗೆ ದಾರವೇ ಇಲ್ಲ. ಅದು ಒಳಗಿರುವುದು, ಯಾವ ಥಾನಿನ ಅಂಗಿಗಾದರೂ ಸರಿ. ಹೊಲಿಯುವವರು ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸುತ್ತಾರೆ. ಅಂಗಿ ಪೂರ್ತಿಯಾಗಿ ಚಾಪೆಗೆ ಬಂದ ಮೇಲೆ ಕಾಜಾ ಅಕ್ಕ ಆ ಗುರುತಿನ ದಾರವನ್ನೂ ಕತ್ತರಿಸಿ ಎಸೆಯುತ್ತಾಳೆ.

ಆ ಸಲ ಅವಸರ. ಹೊಲಿಗೆಗೆ ಮುಂಚೆಯೇ ಅಂಗಿಯ ಮುಂಭಾಗಗಳನ್ನು ಕಾಜಾ ಹಾಕಲು ಚಾಪೆಗೆ ಕಳಿಸಿದೆವು. ಅವಳು ಕಾಜಾ ಹಾಕಿದಳು. ಆಮೇಲೆ ಅಭ್ಯಾಸಬಲ. ನೇತಾಡುತ್ತಿದ್ದ ಕೆಂಪು, ಹಸಿರು ದಾರಗಳನ್ನೆಲ್ಲ ಚೊಕ್ಕವಾಗಿ ಕತ್ತರಿಸಿ, ಎಲ್ಲ ಒಂದೇ ಗಂಟು ಕಟ್ಟಿ ಹೊಲಿಗೆಗೆ ಕಳಿಸಿಬಿಟ್ಟಳು.

ಆ ಗಂಟು ಹೊಲಿಯಲು ಕೂತವನನ್ನು ನಾವು ರೈಲು ಅಂತ ಕರೆಯುತ್ತಿದ್ದೆವು. ಅವನ ಯಂತ್ರ ಶುರುವಾದರೆ ಪಕ್ಕದ ಅಂಗಡಿಯವರು ಪ್ಲಾಟ್‌ಫಾರ್ಮಿನಿಂದ ಹಿಂದೆ ಸರಿದು ನಿಲ್ಲುತ್ತಿದ್ದರು. ಗುರುತು ಇಲ್ಲದ್ದನ್ನು ಕಂಡು ಅವನು ಕೇಳಬೇಕಿತ್ತು. ರೈಲು ನಿಲ್ದಾಣ ಇಲ್ಲದೆ ನಿಲ್ಲುತ್ತದೆಯೇ? ಸಿಕ್ಕ ಮೈಗೆ ಸಿಕ್ಕ ತೋಳು. ಮೊದಲ ಅಂಗಿ ಪೂರ್ತಿಯಾಗಿ, ಉಳಿದವು ಅರ್ಧಂಬರ್ಧ ಆಗಿದ್ದಾಗ ನಾನು ಒಂದನ್ನೆತ್ತಿ ಕಿಟಕಿಗೆ ಹಿಡಿದೆ. ತೋಳು ಒಂದು ಬಿಳಿ, ಮೈ ಇನ್ನೊಂದು.

"ಏ ರೈಲು, ನಿಲ್ಸೋ! ಏನಪ್ಪಾ ಇದು, ತೋಳು ಯಾರದ್ದು, ಮೈ ಯಾರದ್ದು?"

"ಎಲ್ಲಾ ಬಿಳೀನೇ ತಾನೇ ಮಾಸ್ಟ್ರೇ?"

"ಬಿಳಿ ಆದ್ರೆ ಆಯ್ತೇನೋ? ಥಾನು ಒಂದೇ ಆಗಿರ್ಬೇಕಲ್ವಾ! ದಾರ ಎಲ್ಲೋ?"

"ದಾರ ಇರ್ಲಿಲ್ಲ. ಮೂಲೆಯಿಂದ ಬಂದಾಗ ಬೋಳಾಗೇ ಬಂತು."

ಎಲ್ಲರೂ ಮೂಲೆಯ ಕಡೆ ತಿರುಗಿದರು. ಕಾಜಾ ಅಕ್ಕ ಎದ್ದು ನಿಂತಳು. ಚಾಪೆಯ ಪಕ್ಕ ಕೆಂಪು, ಹಸಿರು ದಾರದ ಚೂರುಗಳು ಒಂದು ಪುಟ್ಟ ಗುಡ್ಡೆಯಾಗಿ ಬಿದ್ದಿದ್ದವು. ಬೈಗುಳ ತಿನ್ನುವವಳ ಮುಖ ಇರಬೇಕಿತ್ತು. ಆದರೆ ಅವಳು ಯಾವುದೋ ದೂರದ ಸದ್ದು ಕೇಳುತ್ತಿರುವವಳ ಹಾಗೆ ಬಾಯಿ ತೆರೆದುಕೊಂಡು ನಿಂತಿದ್ದಳು.

"ಮಾಸ್ಟ್ರೇ, ಈಗ ಹೇಳಿದ್ದು ಇನ್ನೊಂದ್ಸಲ ಹೇಳಿ."

"ಏನಂತ? ಥಾನು ಒಂದೇ ಆಗಿರ್ಬೇಕು ಅಂತ!"

"ದಾರ ಕತ್ತರಿಸಿದ್ರೆ?"

"ಕತ್ತರಿಸಿದ್ರೆ ಎಷ್ಟು ತುಂಡು ಅಂತ ಗೊತ್ತಾಗುತ್ತೆ, ಯಾವುದರ ತುಂಡು ಅಂತ ಗೊತ್ತಾಗಲ್ಲ. ನಿನಗೆ ಗೊತ್ತಿಲ್ದೇ ಇರೋದಾ ಇದು?"

ಅವಳು ಗಂಟು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಬಂದಳು. ಒಂದೊಂದೇ ತುಂಡನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ಎರಡು ಗುಡ್ಡೆ ಮಾಡುತ್ತಾ ಕೂತಳು. ರೈಲು ಗೊಣಗುತ್ತಾ, ಪೂರ್ತಿಯಾಗಿದ್ದ ಆ ಒಂದು ಅಂಗಿ ಬಿಟ್ಟು ಉಳಿದವುಗಳ ಹೊಲಿಗೆ ಬಿಚ್ಚಿಕೊಟ್ಟ. ನೋಡಿ ನೋಡಿ ಇಟ್ಟ ತುಂಡಿಗೆಲ್ಲ ಅವಳು ತನ್ನ ಕೈಯಿಂದಲೇ ಮತ್ತೆ ದಾರ ಕಟ್ಟಿದಳು. ಕೆಂಪು, ಹಸಿರು. ಸಂಜೆಯ ಬೆಳಕು ಹೋಗುವ ಮುಂಚೆ ಕೆಲಸ ಮುಗಿಯಿತು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡಳು.

"ನೋಡಿ ಮಾಸ್ಟ್ರೇ. ಈ a ಅನ್ನೋದು ಕೆಂಪು ದಾರ. b ಅನ್ನೋದು ಹಸಿರು. ಮುಂದಿರೋ ಮೂರು ಅಂದ್ರೆ ಎಷ್ಟು ತುಂಡು ಅಂತ. ಕೆಂಪು ಮೂರು, ಹಸಿರು ಎರಡು. ಇದನ್ನ ಐದು ಅಂತ ಬರೆದ್ರೆ ನಾನು ದಾರ ಕತ್ತರಿಸಿದ ಹಾಗಾಯ್ತು."

"ಹಂಗಾದ್ರೆ ನೀನು ಬರೀತಿದ್ದ 5ab?"

"ಪಕ್ಕ ಪಕ್ಕ ಅಂಟಿಸಿ ಬರೆದ್ರೆ ಗುಣಾಕಾರ ಅಂತ ಪುಸ್ತಕದಲ್ಲಿದೆ. ಅಂದ್ರೆ ಎರಡೂ ಸೇರಿಸಿ ಹೊಲಿದುಬಿಟ್ಟ ಹಾಗೆ!" ಅವಳು ರೈಲು ಹೊಲಿದಿಟ್ಟಿದ್ದ ಆ ಎರಡು ಬಿಳಿಯ ಅಂಗಿಯನ್ನು ಎತ್ತಿ ಹಿಡಿದು ನಗತೊಡಗಿದಳು. "ಅಯ್ಯೋ ದೇವರೇ, ಇಷ್ಟು ದಿನ ನಾನು ಲೆಕ್ಕದಲ್ಲಿ ಹೊಲೀತಿದ್ದದ್ದು ಇದೇ ಅಂಗಿ!"

ರೈಲಿಗೆ ಏನೂ ಅರ್ಥವಾಗಲಿಲ್ಲ, ಆದರೂ ತನ್ನ ಅಂಗಿಯನ್ನು ನೋಡಿ ನಗುತ್ತಿದ್ದಾರೆಂದು ಅವನಿಗೆ ಬೇಜಾರಾಯಿತು.

ಅಲ್ಲಿಂದ ಮುಂದೆ ಅವಳ ಓದಿಗೂ ರೈಲಿನ ವೇಗ ಬಂತು. ದಾರವಿಲ್ಲದ ಒಂಟಿ ಸಂಖ್ಯೆ, ಪುಸ್ತಕದಲ್ಲಿ ಸ್ಥಿರಪದ ಅನ್ನುವುದು, ಕಾಲರಿನ ಒಳಬಟ್ಟೆಯಾಯಿತು: x ಏನೇ ಆಗಲಿ, ಅದು ಇದ್ದ ಹಾಗೇ ಇರುತ್ತದೆ. ಮುಂದೆ ಮೈನಸ್ ಇದ್ದರೆ ಅದು ಕಲೆ ಬಿದ್ದು ತೆಗೆದಿಟ್ಟ ತುಂಡು. ಆ ಗುರುತು ತುಂಡಿನ ಜೊತೆಗೇ ಓಡಾಡಬೇಕು, ಬಿಟ್ಟು ಹೋಗಬಾರದು. x ಬೇರೆ, x ವರ್ಗ ಬೇರೆ. "ಎರಡೂ ಬಿಳೀನೇ ಮಾಸ್ಟ್ರೇ, ಥಾನು ಬೇರೆ" ಅನ್ನುತ್ತಿದ್ದಳು. ಅತ್ತೆಗೂ ದಾರ ಕಟ್ಟಿ ತೋರಿಸಿದಳಂತೆ. ಅತ್ತೆ ಎಲ್ಲ ಕೇಳಿ, "ಇಷ್ಟೇನಾ? ಇದಕ್ಕೆ ಎರಡು ಸಲ ಫೇಲಾದೆಯಾ?" ಅಂದರಂತೆ. ಅವರ ಬಾಯಲ್ಲಿ ಅದು ಹೊಗಳಿಕೆಯೇ.

ಪರೀಕ್ಷೆಯ ದಿನ ಅತ್ತೆ ನೀರಿನ ಬಾಟಲಿ ಹಿಡಿದು ಗೇಟಿನ ತನಕ ಬಂದರು. ಕಾವಲುಗಾರ, "ಮಕ್ಕಳನ್ನ ಬಿಟ್ಟು ಪೋಷಕರು ಹೋಗ್ಬೇಕು" ಅಂದ. "ಇವಳೇ ಕಣಪ್ಪ ನಮ್ಮ ಮಗು, ಸ್ವಲ್ಪ ತಡವಾಗಿ ಬೆಳೀತಾ ಇದೆ" ಅಂದು ಅಲ್ಲೇ ಮರದ ಕೆಳಗೆ ಕೂತರಂತೆ.

ಪರೀಕ್ಷೆ ಮುಗಿಸಿ ಕಾಜಾ ಅಕ್ಕ ಸೀದಾ ನನ್ನ ಮೇಜಿಗೆ ಬಂದಳು, ಹಿಂದೆ ಏದುಸಿರು ಬಿಡುತ್ತಾ ಅತ್ತೆ. ಸೀಮೆಸುಣ್ಣದಲ್ಲಿ ಬರೆದಳು.

4x + 3y − x + 2y + 6

"ಇದು ಕೇಳಿದ್ರು. ನಾನು 3x + 5y + 6 ಅಂತ ಬರೆದು ಬಿಟ್ಟುಬಂದೆ. ಹೊರಗೆ ಬಂದ್ರೆ ನಮ್ಮ ಬೆಂಚಿನವರೆಲ್ಲ 14xy ಅಂತಿದಾರೆ ಮಾಸ್ಟ್ರೇ. ಅಷ್ಟೂ ಜನ! ಒಂದೇ ಉತ್ತರ, ಚೊಕ್ಕವಾಗಿ! ನಂದೊಂದೇ ಎರಡು ಪ್ಲಸ್ ನೇತಾಡಿಸ್ಕೊಂಡು ನಿಂತಿದೆ. ಕೊನೇ ಗಳಿಗೇಲಿ ಕೈ ಹೋಗಿತ್ತು, ಕತ್ತರಿಸೋಕೆ. ಕತ್ತರಿಸ್ಬೇಕಿತ್ತೇನೋ. ಇಂಥ ಲೆಕ್ಕಗಳೇ ಜಾಸ್ತಿ ಬಂದಿದ್ವು. ಇದು ಹೋದ್ರೆ ಎಲ್ಲಾ ಹೋಯ್ತು."

ನನಗೆ ಪುಸ್ತಕದ ಹಿಂದಿನ ಪುಟ ಬೇಕು, ಪ್ರಶ್ನೆಪತ್ರಿಕೆಗೆ ಹಿಂದಿನ ಪುಟ ಇಲ್ಲ. ಹಾಗಾಗಿ ನನಗೆ ಗೊತ್ತಿದ್ದದ್ದನ್ನೇ ಮಾಡಿದೆ. ಡಬ್ಬಿಯಿಂದ ಚಿಂದಿ ತುಂಡುಗಳನ್ನು ತೆಗೆದು ಹರಡಿದೆ. ಕೆಂಪು ದಾರದ್ದು ನಾಲ್ಕು ಇಟ್ಟು ಒಂದು ತೆಗೆದೆ. ಹಸಿರಿನದು ಮೂರಿಟ್ಟು ಇನ್ನೆರಡು ಸೇರಿಸಿದೆ. ದಾರ ಇಲ್ಲದ ಒಳಬಟ್ಟೆ ಆರು ಪಕ್ಕದಲ್ಲಿಟ್ಟೆ.

"ಎಷ್ಟು ಗುಡ್ಡೆ?" ಅಂದೆ.

ಉತ್ತರ ಕೊಟ್ಟದ್ದು ಅತ್ತೆ. "ಮೂರು. ಕಣ್ಣಿಲ್ವಾ? ಆ ಹುಡುಗ್ರು ಹೇಳಿದ್ರು ಅಂತ ಕೆಂಪು ದಾರ ಹಸಿರಾಗುತ್ತೇನೆ?"

ಕಾಜಾ ಅಕ್ಕ ಮೇಜಿನ ಮೇಲೆ ಬರೆದದ್ದನ್ನು ಒರೆಸಲು ಕೈ ಎತ್ತಿದಳು. "ಇರ್ಲಿ ಬಿಡು, ಫಲಿತಾಂಶ ಬರೋ ತನಕ," ಅಂದೆ. ಅಲ್ಲಿಂದ ನಾನು ಬಟ್ಟೆ ಹಾಸುವಾಗಲೆಲ್ಲ ಆ ಮೂಲೆ ಬಿಟ್ಟೇ ಹಾಸುತ್ತಿದ್ದೆ. ರೈಲು, "ಮಾಸ್ಟ್ರು ಮೇಜಿನ ಮೇಲೆ ಬೀಜ ಬಿತ್ತಿದಾರೆ, ಮೊಳಕೆಗೆ ಕಾಯ್ತಿದಾರೆ" ಅಂತ ಹಾಡು ಕಟ್ಟಿದ. ಆ ನಡುವೆ ಕಾಜಾ ಯಂತ್ರವೂ ಬಂತು. ಎಂಥ ಭಾರ ಅಂದರೆ, ಅದನ್ನು ಮೂಲೆಯಲ್ಲಿಟ್ಟಾಗ ನೆಲ ವಾಲಿ, ಕೋಣೆಯ ಗುಂಡಿಗಳೆಲ್ಲ ಉರುಳಿ ಹೋಗಿ ಅದರ ಕಾಲಡಿಯಲ್ಲೇ ಸೇರಿಕೊಂಡವು. ಕಾಜಾ ಅಕ್ಕ ತನ್ನ ಚಾಪೆಯನ್ನು ಸುತ್ತಿ ಗೋಡೆಗೆ ಒರಗಿಸಿದಳು. ಯಾರೂ ನಗಲಿಲ್ಲ.

ಫಲಿತಾಂಶ ಬಂದ ಬೆಳಿಗ್ಗೆ ಮೊದಲು ಕೇಳಿಸಿದ್ದು ಅತ್ತೆಯ ದನಿ. ಬೀದಿಯ ಆ ಕೊನೆಯಿಂದಲೇ, "ಮಾಸ್ಟ್ರೇ! ನಮ್ಮ ಮಗು ಪಾಸಾಯ್ತು!" ಅಂತ ಕೂಗುತ್ತಾ ಬಂದರು. ಅಂಚಿಗೆ ಹೊಲಿಗೆ ಬಿದ್ದ ಹಾಗೆ, ಬೇಕಾದಷ್ಟೇ ಅಂಕ. ಆ ಒಂದು ಲೆಕ್ಕ ತಪ್ಪಿದ್ದರೆ ಹೊಲಿಗೆ ಬಟ್ಟೆಯಿಂದಾಚೆಗೆ ಬೀಳುತ್ತಿತ್ತು. ಹಿಂದೆ ನಿಧಾನವಾಗಿ ಬಂದ ಕಾಜಾ ಅಕ್ಕ ಮೇಜಿನ ಹತ್ತಿರ ಹೋಗಿ, ತನ್ನ ಅಂಗೈಯಿಂದ ಆ ಮೂಲೆ ಒರೆಸಿದಳು. ಆಮೇಲೆ ಬಿಳಿಯಾದ ಅಂಗೈಯನ್ನೇ ನೋಡುತ್ತಾ ನಿಂತಳು.

ಮುಂದಿನ ವಾರದಿಂದ ಕೇಂದ್ರದಲ್ಲಿ ಅವಳ ಪಾಠ ಶುರು. ಇವತ್ತಿಗೂ ಅಲ್ಲೇ ಇದ್ದಾಳೆ. ಅವಳ ಕೈಕೆಳಗೆ ಕಲಿತವರು ಈಗ ಎಲ್ಲೆಲ್ಲೋ ಸೂಜಿ ಹಿಡಿದಿದ್ದಾರೆ. ಅತ್ತೆ ಇದ್ದಷ್ಟು ಕಾಲ ಸಂಜೆ ಬಾಗಿಲಲ್ಲಿ ಕಾದು, "ಬಂದ್ಲಪ್ಪ ನಮ್ಮ ಟೀಚರಮ್ಮ, ಎಲ್ಲರೂ ಎದ್ದು ನಿಂತ್ಕೊಳ್ಳಿ" ಅನ್ನುತ್ತಿದ್ದರು. ಹೇಳಿ ಬಿಸಿ ಬಿಸಿ ಊಟ ಬಡಿಸುತ್ತಿದ್ದರು.

ಕೇಂದ್ರಕ್ಕೆ ಹೋಗುವ ಮುಂಚಿನ ದಿನ ಅವಳು ನನಗೊಂದು ಪೊಟ್ಟಣ ಕೊಟ್ಟಳು. ಬಿಚ್ಚಿದರೆ ಅದೇ ಅಂಗಿ, ಎರಡು ಬಿಳಿಯದು. ಪಕ್ಕಕ್ಕೆ ಬಿದ್ದಿದ್ದನ್ನು ಯಜಮಾನರನ್ನು ಕೇಳಿ ತೆಗೆದುಕೊಂಡು, ಬಿಚ್ಚಿ, ದೊಡ್ಡದು ಮಾಡಿ, ನನ್ನ ಅಳತೆಗೆ ತಂದಿದ್ದಳು. ಶಾಲೆ ಹುಡುಗನ ಅಂಗಿ ನನ್ನ ಹೊಟ್ಟೆಗೆ ಹೇಗೆ ಹಿಗ್ಗಿತು ಅಂತ ಮಾತ್ರ ಕೇಳಬೇಡಿ. ಅದು ನನ್ನ ಬೊಗಳೆಗಳಿಗಿಂತ ದೊಡ್ಡ ಪವಾಡ. ಆ ಎರಡೂ ಥಾನಿನ ಚಿಂದಿಗಳು ಎಷ್ಟು ಸೇರಿವೆಯೋ ಅವಳಿಗೇ ಗೊತ್ತು. ಕಾಜಾ ಎಲ್ಲ ಕೈಯದು. ಮೈಯ ಒಳಗಡೆ ಒಂದು ಕೆಂಪು ದಾರ, ತೋಳಿನ ಒಳಗಡೆ ಒಂದು ಹಸಿರು ದಾರ ಕಟ್ಟಿ, ಕತ್ತರಿಸದೆ ಹಾಗೇ ಬಿಟ್ಟಿದ್ದಳು.

"ಇದೇನೇ, ದಾರ ಬಿಟ್ಟಿದೀಯಾ? ನೀನಾ?" ಅಂದೆ.

"ಕೆಲಸ ಮುಗಿದಿದೆ ಮಾಸ್ಟ್ರೇ," ಅಂದಳು. "ಅದು ಹಂಗೇ ಇರ್ಬೇಕು."

ಅವಳು ಋಣ ತೀರಿಸಬೇಕಾದಂಥದ್ದೇನನ್ನೂ ನಾನು ಮಾಡಿರಲಿಲ್ಲ. ಹಿಂದಿನ ಪುಟ ನೋಡಿ ತಪ್ಪು ಅಂದವನು ನಾನು. ಲಾಭ ಆದದ್ದೆಲ್ಲ ನನಗೆ. ಈಗ ಮೊಮ್ಮಗಳು ಬೀಜೋಕ್ತಿಗಳ ಪಾಠ ತಂದು ಪಕ್ಕದಲ್ಲಿ ಕೂತರೆ ನಾನು ಹಿಂದಿನ ಪುಟ ತಿರುಗಿಸುವುದಿಲ್ಲ. ಒಂದೊಂದು ಪದಕ್ಕೂ ಅವಳ ಬಣ್ಣದ ಪೆನ್ಸಿಲಿನಲ್ಲಿ ದಾರ ಎಳೆದು ತೋರಿಸುತ್ತೇನೆ. ಈ ಮುದುಕನ ತಲೆಗೆ ಇಷ್ಟನ್ನು ಇಳಿಸಿದ ಆ ಮೂಲೆಯ ಚಾಪೆಗೆ, ನಿಲ್ಲದ ರೈಲಿಗೆ, ಬೈಯುತ್ತಲೇ ಒಲೆ ಉರಿಸಿದ ಆ ಅತ್ತೆಗೆ ನಾನು ದಿನಾ ಒಂದು ನಮಸ್ಕಾರ ಹಾಕಿಯೇ ಅಂಗಿ ತೊಡುವುದು.

ಈಗಷ್ಟೇ ಮೊಮ್ಮಗಳು ಬಂದು ನನ್ನ ತೋಳಿನೊಳಗೆ ಇಣುಕಿದಳು.

"ತಾತಾ, ಇಲ್ಲೊಂದು ಹಸಿರು ದಾರ ನೇತಾಡ್ತಿದೆ. ಕತ್ತರಿ ತರ್ಲಾ?"

"ಮುಟ್ಟಿದ್ರೆ ನೋಡು!" ಅಂದೆ. "ಕೂತ್ಕೋ ಇಲ್ಲಿ, ಅದು ಯಾರ ದಾರ ಅಂತ ಹೇಳ್ತೀನಿ."